ತೋಡಿನ ನೀರು, ಮಾಡಿನ ಬಿಸಿಲು: ಶಕ್ತಿಯ ಕೊಯ್ಲಿನಲ್ಲಿ ಲಾಭವೆಷ್ಟು?

ನಿಮ್ಮ ಅಡುಗೆ ಮನೆಯಲ್ಲಿ ಗ್ಯಾಸ್ ಒಲೆ ಹೊತ್ತಿಸುವ ಲೈಟರ್ ಇದೆಯಲ್ಲವೇ? ಅದನ್ನೊಮ್ಮೆ ಕೈಗೆತ್ತಿಕೊಂಡು ನೋಡಿ. ಅದರಲ್ಲಿ ಬ್ಯಾಟರಿ ಇಲ್ಲ, ವಯರ್ ಇಲ್ಲ, ಎಣ್ಣೆಯೂ ಇಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಟಕ್ಕೆಂದು ಕಿಡಿ ಹಾರುತ್ತದೆ. ಒಳಗಿರುವ ಒಂದು ಸಣ್ಣ ಸುತ್ತಿಗೆ ವಿಶೇಷ ಬಗೆಯ ಪಿಂಗಾಣಿಯ ತುಂಡಿಗೆ ಬಡಿಯುತ್ತದೆ. ಆ ಪೆಟ್ಟಿಗೆ ತುಂಡಿನಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಕ್ಷಣಮಾತ್ರಕ್ಕೆ ಹುಟ್ಟಿ ಕಿಡಿಯಾಗುತ್ತದೆ. ಒತ್ತಡದಿಂದ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸ್‌ನ ಸಹೋದರರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ತೋರಿಸಿಕೊಟ್ಟರು. ನಮ್ಮ ಗೃಹಿಣಿಯರು ದಿನಕ್ಕೆ ಹತ್ತು ಸಲ ಆ ಪ್ರಯೋಗವನ್ನು ಮಾಡುತ್ತಿದ್ದಾರೆ, ಅಷ್ಟೆ.

ಸುತ್ತಮುತ್ತ ಸುಮ್ಮನೆ ವ್ಯರ್ಥವಾಗುವ ಬಲವನ್ನು ಹೀಗೆ ಹಿಡಿದು ವಿದ್ಯುತ್ತಾಗಿ ಮಾರ್ಪಡಿಸುವ ವಿದ್ಯೆಗೆ ಎನರ್ಜಿ ಹಾರ್ವೆಸ್ಟಿಂಗ್ ಎಂದು ಹೆಸರು. ನಮಗೆ ಮಳೆ ಕೊಯ್ಲು ಗೊತ್ತಿದೆ. ಇದನ್ನು ಶಕ್ತಿಯ ಕೊಯ್ಲು ಎನ್ನೋಣ. ಬಿಸಿಲು, ಹರಿಯುವ ನೀರು, ಗಾಳಿ, ಯಂತ್ರದ ನಡುಕ, ಬಿಸಿ ಕೊಳವೆಯ ಶಾಖ, ಮನುಷ್ಯನ ಹೆಜ್ಜೆ - ಇವೆಲ್ಲ ಅದರ ಹೊಲಗಳು. ಹಳೆಯ ಸೈಕಲ್‌ನ ಡೈನಮೊ ಇದೇ ಕುಟುಂಬದ್ದು. ಅಂಗಡಿಯವನ ಮೇಜಿನ ಮೇಲಿರುವ ಸೋಲಾರ್ ಕ್ಯಾಲ್ಕುಲೇಟರ್ ಕೂಡಾ ಹೌದು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣವಿದೆ. ಕೆಲವು ಸಮಯದ ಹಿಂದೆ ಕೊಡಗಿನ ನಮ್ಮೂರಿನ ಹಲವರ ಕೈಗೆ ಒಂದು ಕರಪತ್ರ ಬಂತು. ಹಸಿರು ಬಣ್ಣದ ಚಂದದ ಕರಪತ್ರ. ಮುಂದಿನ ಯುಗ ಶಕ್ತಿಯ ಕೊಯ್ಲಿನದ್ದು, ಈಗಲೇ ಒಂದು ಲಕ್ಷ ರೂಪಾಯಿ ತೊಡಗಿಸಿದವರಿಗೆ ಸೋಲಾರ್ ಘಟಕದ ಲಾಭದಿಂದ ತಿಂಗಳಿಗೆ 4 ಸಾವಿರ ರೂಪಾಯಿ ಮನೆಗೆ ಬರುತ್ತದೆ, ಇದರಲ್ಲಿ ಬಡ್ಡಿಯ ಸೋಂಕೇ ಇಲ್ಲ ಎಂದು ಅದರಲ್ಲಿತ್ತು. ಕೊಲ್ಲಿಯಿಂದ ಮರಳಿ ಬಂದವರು, ಮಗಳ ಮದುವೆಗೆಂದು ಹಣ ಕೂಡಿಟ್ಟವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡದ್ದನ್ನು ನೋಡಿದ್ದೇನೆ. ಆದ್ದರಿಂದ ಈ ವಿದ್ಯೆ ಎಷ್ಟು ಬೆಳೆದಿದೆ, ಇದರಲ್ಲಿ ನಮ್ಮಂಥವರು ಹಣ ಹಾಕುವುದಾದರೆ ಎಲ್ಲಿ ಹಾಕಬಹುದು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿಯೇ ನೋಡೋಣ. ಕಷ್ಟದ ಲೆಕ್ಕವೇನಲ್ಲ, ನಾನು ಬಿ.ಎ. ಓದಿದವನು, ಗಣಿತದವನಲ್ಲ.

ಮೊದಲು ಹೆಜ್ಜೆಯಿಂದ ಆರಂಭಿಸೋಣ. ಜನ ನಡೆದಾಡುವ ನೆಲಹಾಸಿನ ಅಡಿಯಲ್ಲಿ ಯಂತ್ರವಿಟ್ಟು ವಿದ್ಯುತ್ ತಯಾರಿಸುವ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಜಪಾನಿನ ರೈಲು ನಿಲ್ದಾಣಗಳಲ್ಲಿ ಪ್ರಯೋಗ ನಡೆದದ್ದೂ ನಿಜ. ಅರುವತ್ತು ಕಿಲೋ ತೂಕದ ಮನುಷ್ಯ ಕಾಲಿಟ್ಟಾಗ ನೆಲ ಅರ್ಧ ಸೆಂಟಿಮೀಟರ್ ಕುಸಿಯಿತು ಎಂದಿಟ್ಟುಕೊಳ್ಳಿ. ಅದರಿಂದ ಹೆಚ್ಚೆಂದರೆ ಮೂರು ಜೂಲ್ ಶಕ್ತಿ ಸಿಗುತ್ತದೆ. ನಮ್ಮ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಅಂದರೆ ಒಂದು ಯೂನಿಟ್‌ಗೆ 12 ಲಕ್ಷ ಹೆಜ್ಜೆ ಬೇಕು, ಅದೂ ಸ್ವಲ್ಪವೂ ನಷ್ಟವಾಗದಿದ್ದರೆ! ಎಮ್ಮೆಮಾಡಿನ ಉರೂಸ್‌ಗೆ ಬರುವ ಜನರನ್ನೆಲ್ಲಾ ಆ ನೆಲಹಾಸಿನ ಮೇಲೆ ಹಿಂದೆ ಮುಂದೆ ನಡೆಸಿದರೂ ಸಿಗುವ ವಿದ್ಯುತ್ತಿನ ಬೆಲೆ ಒಂದು ಚಹಾ ತಿಂಡಿಗೆ ಸಾಲದು. ಹನಿಗೂಡಿ ಹಳ್ಳವಾಗಬೇಕಾದರೆ ಹನಿ ಇಷ್ಟು ಚಿಕ್ಕದಿರಬಾರದು.

ಹಾಗಾದರೆ ಇಂಥ ಕಿರು ಕೊಯ್ಲಿಗೆ ಬೆಲೆಯೇ ಇಲ್ಲವೇ? ಇದೆ. ಆದರೆ ಅದು ವಿದ್ಯುತ್ ಮಾರುವುದರಲ್ಲಿ ಅಲ್ಲ, ಬ್ಯಾಟರಿ ಬದಲಿಸುವ ಕೆಲಸ ತಪ್ಪಿಸುವುದರಲ್ಲಿ. ಜರ್ಮನಿಯಲ್ಲಿ ಸೀಮೆನ್ಸ್ ಕಂಪೆನಿಯಿಂದ 2001ರಲ್ಲಿ ಕವಲೊಡೆದ ಎನೋಷನ್ ಎಂಬ ಸಂಸ್ಥೆ ಬ್ಯಾಟರಿಯೂ ವಯರೂ ಇಲ್ಲದ ಸ್ವಿಚ್ಚುಗಳನ್ನು ತಯಾರಿಸಿತು. ಬೆರಳಿನಿಂದ ಒತ್ತಿದ ಬಲವೇ ದೀಪಕ್ಕೆ ಸಂದೇಶ ಕಳುಹಿಸುವಷ್ಟು ವಿದ್ಯುತ್ ಕೊಡುತ್ತದೆ. ಕಾಫಿ ತೋಟದಲ್ಲಿ ಮಣ್ಣಿನ ತೇವ ಅಳೆಯುವ, ಮಳೆ ಅಳೆಯುವ ಸಣ್ಣ ಉಪಕರಣಗಳಿಗೂ ಅಂಗೈಯಗಲದ ಸೋಲಾರ್ ಫಲಕ ಸಾಕಾಗುತ್ತದೆ. ಏಕೆಂದರೆ ಅವು ಗಂಟೆಗೊಮ್ಮೆ ಕೆಲವು ಕ್ಷಣ ಮಾತ್ರ ಎಚ್ಚರವಾಗಿ ಮತ್ತೆ ಮಲಗುತ್ತವೆ. ನೂರು ಎಕರೆ ತೋಟದಲ್ಲಿ ಅಲ್ಲಲ್ಲಿ ಇಟ್ಟ ಉಪಕರಣಗಳ ಬ್ಯಾಟರಿ ಬದಲಿಸಲು ಆಳು ಕಳುಹಿಸುವ ಖರ್ಚನ್ನು ಯೋಚಿಸಿದರೆ ಇದರ ಲಾಭ ತಿಳಿಯುತ್ತದೆ. ಈ ಕ್ಷೇತ್ರ ಖಂಡಿತ ಬೆಳೆಯುತ್ತದೆ. ಆದರೆ ಅದು ಉಪಕರಣ ತಯಾರಿಸುವ ಇಂಜಿನಿಯರುಗಳ ಕ್ಷೇತ್ರ. ಮನೆಯ ಹಿರಿಯ ಮಗ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದರೆ ಅವನಿಗೆ ಹೇಳಿ. ಕೈಯಲ್ಲಿ ಎರಡು ಲಕ್ಷ ಉಳಿತಾಯ ಇರುವವನಿಗೆ ಹೇಳುವ ಮಾತು ಬೇರೆ.

ಆ ಮಾತಿಗೆ ನೀರಿನಿಂದ ಬರೋಣ. ಕೊಡಗಿನ ನಿಜವಾದ ಸಂಪತ್ತು ಅದು.

ತಲಕಾವೇರಿಯಲ್ಲಿ ಹುಟ್ಟಿದ ನೀರು ಕೆಳಗಿಳಿದು ಶಿವನಸಮುದ್ರದಲ್ಲಿ ಧುಮುಕುವ ಬಲವನ್ನು ಹಿಡಿದು 1902ರಲ್ಲಿ ವಿದ್ಯುತ್ ಮಾಡಲಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿ ಎಳೆಯಲಾಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆಗ ಕೊಡಗು ಮೈಸೂರಿಗೆ ಸೇರಿರಲಿಲ್ಲ, ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ನೀರು ಕೊಟ್ಟ ಬೆಟ್ಟದ ಹಾಡಿಗಳಲ್ಲಿ ಮಾತ್ರ ದಶಕಗಳ ಕಾಲ ಚಿಮಿಣಿ ದೀಪವೇ ಉರಿಯಿತು. ಇಂದಿಗೂ ಕಥೆ ಹೆಚ್ಚು ಬದಲಾಗಿಲ್ಲ. ಬ್ರಹ್ಮಗಿರಿಯ ಕಾಡಿನಿಂದ ಇಳಿಯುವ ಬಾರಪೊಳೆ ಗಡಿ ದಾಟಿ ಕಣ್ಣೂರು ಜಿಲ್ಲೆಯ ಇರಿಟ್ಟಿಯ ಕಡೆಗೆ ಹೋಗುತ್ತದೆ. ಅಲ್ಲಿ ಕೇರಳ ವಿದ್ಯುತ್ ಮಂಡಳಿ 2016ರಲ್ಲಿ 15 ಮೆಗಾವ್ಯಾಟ್‌ನ ಘಟಕ ಆರಂಭಿಸಿತು. ದೊಡ್ಡ ಅಣೆಕಟ್ಟು ಕಟ್ಟದೆ, ಹರಿಯುವ ನೀರನ್ನೇ ಕಾಲುವೆಗೆ ತಿರುಗಿಸಿ ಮಾಡಿದ ಯೋಜನೆ ಅದು. ಅವರ ಜಾಣತನ ನೋಡಿ: ಆ ಕಾಲುವೆಯ ಮೇಲೆ ಮತ್ತು ದಡದಲ್ಲಿ ಸೋಲಾರ್ ಫಲಕಗಳನ್ನೂ ಹಾಸಿ ಇನ್ನೂ 4 ಮೆಗಾವ್ಯಾಟ್ ಸೇರಿಸಿದರು. ಮಳೆಗಾಲದಲ್ಲಿ ನೀರು ದುಡಿಯುತ್ತದೆ, ನೀರು ಬತ್ತಿದ ಬೇಸಿಗೆಯಲ್ಲಿ ಬಿಸಿಲು ದುಡಿಯುತ್ತದೆ.

ಇದೇ ಜಾಣತನವನ್ನು ಒಂದು ಮನೆಯ ಮಟ್ಟಕ್ಕೆ ಇಳಿಸಬಹುದು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಗುಡ್ಡಗಾಡಿನ ಒಂಟಿ ಮನೆಗಳಲ್ಲಿ ತೋಡಿನ ನೀರಿಗೆ ಪುಟ್ಟ ಟರ್ಬೈನ್ ಇಟ್ಟು ದೀಪ ಉರಿಸುವವರು ಬಹಳ ಕಾಲದಿಂದ ಇದ್ದಾರೆ. ಸರಕಾರದ ಸಹಾಯಧನದಿಂದಲೂ ಅನೇಕ ಕಡೆ ಇವನ್ನು ಅಳವಡಿಸಲಾಗಿದೆ. ಪಿಕೊ ಹೈಡ್ರೊ ಎಂದು ಇದಕ್ಕೆ ಹೆಸರು. ಬೇಕಾದದ್ದು ಎರಡೇ: ನೀರು ಮತ್ತು ಇಳಿಜಾರು. ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ - ಇವೆರಡನ್ನು ಗುಣಿಸಿ, ಮತ್ತೆ ಹತ್ತರಿಂದ ಗುಣಿಸಿ. ಪೈಪಿನಲ್ಲಿ, ಟರ್ಬೈನಿನಲ್ಲಿ ಅರ್ಧ ನಷ್ಟವಾಗುತ್ತದೆಂದು ಅರ್ಧ ಬಿಟ್ಟುಬಿಡಿ. ಉಳಿದದ್ದು ನಿಮಗೆ ಸಿಗುವ ವ್ಯಾಟ್. ಐದು ಲೀಟರ್ ನೀರು ಹತ್ತು ಮೀಟರ್ ಇಳಿದರೆ ಸುಮಾರು 250 ವ್ಯಾಟ್. ಇಷ್ಟೇಯೇ ಎನ್ನಬೇಡಿ. ಸೂರ್ಯನಂತೆ ನೀರು ಸಂಜೆ ಮನೆಗೆ ಹೋಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ದುಡಿದರೆ ದಿನಕ್ಕೆ ಆರು ಯೂನಿಟ್! ಒಂದು ಕಿಲೋವ್ಯಾಟ್ ಸೋಲಾರ್ ಫಲಕ ಒಳ್ಳೆಯ ಬಿಸಿಲಿನ ದಿನ ಕೊಡುವುದು ನಾಲ್ಕು ಯೂನಿಟ್. ಜುಲೈ ತಿಂಗಳ ಕೊಡಗಿನಲ್ಲಿ, ಹಗಲಿಗೂ ದೀಪ ಹಚ್ಚಬೇಕಾದ ಆ ಕತ್ತಲೆಯಲ್ಲಿ, ಅದು ಒಂದು ಯೂನಿಟ್ ಕೊಟ್ಟರೆ ದೊಡ್ಡದು. ಅದೇ ಜುಲೈಯಲ್ಲಿ ತೋಡು ತುಂಬಿ ಹರಿಯುತ್ತದೆ.

ಮತ್ತು ನಮಗೆ ಕರೆಂಟ್ ಇಲ್ಲದಿರುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಮರ ಬಿದ್ದು, ಕಂಬ ಮುರಿದು, ಲೈನ್‌ಮನ್‌ಗಳು ಪ್ರಾಣ ಪಣಕ್ಕಿಟ್ಟು ದುಡಿದರೂ ಒಳಗಿನ ಊರುಗಳಿಗೆ ವಿದ್ಯುತ್ ಬರಲು ದಿನಗಳೇ ಬೇಕಾಗುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮೊಬೈಲ್ ಚಾರ್ಜ್ ಇಲ್ಲದೆ ಬದುಕಿದ್ದೇವೋ ಇಲ್ಲವೋ ಎಂದು ಸಂಬಂಧಿಕರಿಗೆ ತಿಳಿಸಲಾಗದೆ ಜನರು ಪಟ್ಟ ಪಾಡು ಇನ್ನೂ ನೆನಪಿದೆ. ಅಂಥ ಹೊತ್ತಿನಲ್ಲಿ ಉರಿಯುವ ಒಂದು ಬಲ್ಬಿಗೆ ನೀವು ಯಾವ ಬೆಲೆ ಕಟ್ಟುತ್ತೀರಿ? ಹೂಡಿಕೆಯ ಲಾಭವನ್ನು ಬರೀ ಬಿಲ್ಲಿನಲ್ಲಿ ನೋಡಬಾರದು ಎನ್ನುವುದು ಇದಕ್ಕೇ.

ಟರ್ಬೈನ್‌ಗೆ ತೊಂದರೆಗಳೂ ಇವೆ. ಮಳೆಗಾಲದಲ್ಲಿ ಎಲೆ, ಕಸ ಬಂದು ಪೈಪಿನ ಬಾಯಿ ಕಟ್ಟುತ್ತದೆ. ದಿನಕ್ಕೊಮ್ಮೆ ಹೋಗಿ ಜರಡಿ ತೆಗೆದು ತೊಳೆಯುವ ಮನುಷ್ಯ ಮನೆಯಲ್ಲಿರಬೇಕು. ಸೋಮಾರಿಗಳಿಗೆ ಹೇಳಿದ್ದಲ್ಲ. ಪ್ರವಾಹ ಬಂದರೆ ಯಂತ್ರ ಕೊಚ್ಚಿಹೋಗದಂತೆ ನೆರೆ ಮಟ್ಟಕ್ಕಿಂತ ಮೇಲೆ, ಬೇಕಾದಾಗ ಕಳಚಿ ತರುವಂತೆ ಇಡಬೇಕು. ಜನವರಿ ಕಳೆದ ಮೇಲೆ ಹೆಚ್ಚಿನ ತೋಡುಗಳು ಸೊರಗುತ್ತವೆ, ಆಗ ಸೋಲಾರ್ ಬೇಕು.

ಸೋಲಾರ್ ವಿಷಯಕ್ಕೆ ಬಂದರೆ, ಈ ಕ್ಷೇತ್ರ ಬೆಳೆದ ವೇಗ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. 2014ರಲ್ಲಿ ಇಡೀ ಭಾರತದಲ್ಲಿ ಸೋಲಾರ್ ಸಾಮರ್ಥ್ಯ 3 ಸಾವಿರ ಮೆಗಾವ್ಯಾಟ್‌ಗಿಂತ ಕಡಿಮೆಯಿತ್ತು. 2025ರಲ್ಲಿ ಅದು ಒಂದು ಲಕ್ಷ ಮೆಗಾವ್ಯಾಟ್ ದಾಟಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಘೋಷಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿಗೆ ಒಂದು ಕಿಲೋವ್ಯಾಟ್ ಹಾಕಿದರೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಹಾಯಧನ ನಿಗದಿಯಾಯಿತು. ಮೂರು ಕಿಲೋವ್ಯಾಟ್‌ಗೆ ಸುಮಾರು ಎರಡು ಲಕ್ಷ ಖರ್ಚೆಂದರೆ ನಮ್ಮ ಕೈಯಿಂದ ಹೋಗುವುದು ಒಂದು ಲಕ್ಷದ ಇಪ್ಪತ್ತು ಸಾವಿರದಷ್ಟು. ಕೊಡಗಿನ ಮಳೆಯನ್ನು ಲೆಕ್ಕಕ್ಕೆ ಹಿಡಿದು ದಿನಕ್ಕೆ ಸರಾಸರಿ ಹತ್ತು ಯೂನಿಟ್ ಎಂದಿಟ್ಟುಕೊಂಡರೆ, ಯೂನಿಟ್‌ಗೆ ಆರು ರೂಪಾಯಿಯಂತೆ ವರ್ಷಕ್ಕೆ 22 ಸಾವಿರದಷ್ಟು ಉಳಿಯುತ್ತದೆ. ಐದಾರು ವರ್ಷದಲ್ಲಿ ಹಾಕಿದ ಹಣ ಬಂತು. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಇದು ಒಳ್ಳೆಯ ವ್ಯವಹಾರ.

ಆದರೆ ಸ್ವಲ್ಪ ನಿಲ್ಲಿ. ಅಂಗಡಿಯವರು ಹೇಳದೆ ಬಿಡುವ ಎರಡು ವಿಷಯಗಳಿವೆ.

ಒಂದು, ಈ ಉಳಿತಾಯ ಬಿಲ್ ಕಟ್ಟುವವರಿಗೆ ಮಾತ್ರ. 2023ರ ಆಗಸ್ಟ್‌ನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಿಮಗೆ ಶೂನ್ಯ ಬಿಲ್ ಬರುತ್ತಿದ್ದರೆ ಸೋಲಾರ್ ಹಾಕಿ ಉಳಿಸುವುದಾದರೂ ಏನನ್ನು? ಆ ಯೋಜನೆ ಇರುವವರೆಗೆ ಅಂಥ ಮನೆಗೆ ಈ ಲೆಕ್ಕ ಕೂಡಿ ಬರುವುದಿಲ್ಲ. ಹೋಂಸ್ಟೇ ನಡೆಸುವವರು, ದೊಡ್ಡ ಕುಟುಂಬದವರು ಯೋಚಿಸಬೇಕಾದ ವಿಷಯ ಇದು.

ಎರಡನೆಯದು ಇನ್ನೂ ಮುಖ್ಯ. ಸಹಾಯಧನದಲ್ಲಿ ಸಾಮಾನ್ಯವಾಗಿ ಹಾಕುವುದು ಸೆಸ್ಕ್‌ನ ಲೈನಿಗೆ ಜೋಡಿಸಿದ ಆನ್-ಗ್ರಿಡ್ ವ್ಯವಸ್ಥೆ. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಅದೂ ತಾನಾಗಿಯೇ ನಿಂತುಹೋಗುತ್ತದೆ! ಮಾಡಿನ ಮೇಲೆ ಬಿಸಿಲು ಸುರಿಯುತ್ತಿದ್ದರೂ ಸರಿ. ಇದು ದೋಷವಲ್ಲ, ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ಹೊಡೆಯಬಾರದೆಂದು ಮಾಡಿದ ಏರ್ಪಾಡು. ಹಾಗಾಗಿ ಕರೆಂಟ್ ಇಲ್ಲದ ದಿನಗಳಿಗೆಂದೇ ಸೋಲಾರ್ ಹಾಕಿಸುವವರು ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆಯನ್ನೇ ಕೇಳಿ ಹಾಕಿಸಬೇಕು. ಅದಕ್ಕೆ ಖರ್ಚು ಬಹಳ ಏರುತ್ತದೆ. ಅಷ್ಟು ಸಾಧ್ಯವಿಲ್ಲದವರು ದೊಡ್ಡ ವ್ಯವಸ್ಥೆಯ ಆಸೆ ಬಿಟ್ಟು ನೂರಿನ್ನೂರು ವ್ಯಾಟ್‌ನ ಒಂದು ಫಲಕ, ಒಂದು ಬ್ಯಾಟರಿ, ನಾಲ್ಕು ದೀಪ, ಮೊಬೈಲ್ ಚಾರ್ಜರ್ ಇಟ್ಟುಕೊಳ್ಳಲಿ. ಹರೀಶ್ ಹಂದೆಯವರು 1995ರಲ್ಲಿ ಕರ್ನಾಟಕದಲ್ಲಿ ಸೆಲ್ಕೊ ಆರಂಭಿಸಿದ್ದು ಇಂಥ ಸಣ್ಣ ಮನೆಗಳ ದೀಪದಿಂದಲೇ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಡವನಿಗೆ ದೀಪ ಮಾರಿದರೆ ಸಾಲದು, ಅದರಿಂದ ಅವನ ದುಡಿಮೆ ಹೆಚ್ಚಬೇಕು ಎಂಬುದು ಅವರ ನಿಲುವು. ಮನೆಯಲ್ಲಿ ಬಟ್ಟೆ ಹೊಲಿಯುವ ಸಹೋದರಿಯರು ಸೋಲಾರ್‌ನಿಂದ ನಡೆಯುವ ಹೊಲಿಗೆ ಯಂತ್ರದ ಬಗ್ಗೆ ವಿಚಾರಿಸಿ ನೋಡಬಹುದು. ಮಳೆಗಾಲದಲ್ಲಿ ಕರೆಂಟ್ ಇಲ್ಲವೆಂದು ಮದುವೆಯ ಬಟ್ಟೆ ತಡವಾಗುವುದು ತಪ್ಪಿದರೆ ಅದೇ ಲಾಭ.

ಮಾಡಿನ ಸೋಲಾರ್‌ಗೆ ಬ್ಯಾಂಕುಗಳು ಸಾಲ ಕೊಡುತ್ತವೆ. ಬಡ್ಡಿಯಿಂದ ದೂರವಿರಬೇಕೆನ್ನುವ ನಮ್ಮ ಓದುಗರಿಗೆ ಒಂದು ಅನುಕೂಲವಿದೆ: ಈ ಕಟ್ಟಡವನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಬಹುದು. ಇನ್ವರ್ಟರನ್ನು ಮಾತ್ರ ಆರಂಭದಲ್ಲೇ ಸ್ವಲ್ಪ ದೊಡ್ಡದು ತಂದರೆ, ಈ ವರ್ಷ ಎರಡು ಫಲಕ, ಕಾಫಿ, ಕರಿಮೆಣಸು ಮಾರಿದ ಮೇಲೆ ಮುಂದಿನ ವರ್ಷ ಇನ್ನೆರಡು ಸೇರಿಸಬಹುದು. ಸಹಾಯಧನ ಮಾತ್ರ ಒಮ್ಮೆ ಹಾಕಿದ್ದಕ್ಕೆ ಸಿಗುವಂಥದ್ದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಮಸೀದಿ, ಮದ್ರಸದ ಕಮಿಟಿಯವರೂ ಗಮನಿಸಬೇಕು. ಸೂರ್ಯಘರ್ ಸಹಾಯಧನ ವಾಸದ ಮನೆಗಳಿಗೆ ಇರುವಂಥದ್ದು, ಸಂಸ್ಥೆಗಳಿಗಲ್ಲ.

ಈಗ ಆ ಕರಪತ್ರಕ್ಕೆ ಬರೋಣ. ದೊಡ್ಡ ಸೋಲಾರ್ ಘಟಕದವರು ತಮ್ಮ ವಿದ್ಯುತ್ತನ್ನು ಯೂನಿಟ್‌ಗೆ ಎರಡೂವರೆಯಿಂದ ಮೂರು ರೂಪಾಯಿಗೆ ಮಾರುತ್ತಾರೆ. ಒಂದು ಲಕ್ಷ ರೂಪಾಯಿಗೆ ಅಂಥ ಘಟಕದಲ್ಲಿ ಎರಡು ಕಿಲೋವ್ಯಾಟ್‌ನ ಆಸುಪಾಸು ಹಾಕಬಹುದು. ವರ್ಷಕ್ಕೆ ಮೂರು ಸಾವಿರ ಯೂನಿಟ್ ಚಿಲ್ಲರೆ. ಎಲ್ಲ ಮಾರಿದರೂ ಕೈಗೆ ಬರುವುದು 9 ಸಾವಿರ ರೂಪಾಯಿ. ತಿಂಗಳಿಗೆ 750. ಇದರಲ್ಲೇ ಕೆಲಸದವರ ಸಂಬಳ, ತೊಳೆಯುವ ನೀರು, ದುರಸ್ತಿ ಎಲ್ಲ ಕಳೆಯಬೇಕು. ಹಾಗಿರುವಾಗ ತಿಂಗಳಿಗೆ 4 ಸಾವಿರ ಎಲ್ಲಿಂದ ಬರುತ್ತದೆ? ಸೂರ್ಯನಿಂದಂತೂ ಅಲ್ಲ. ನಿಮ್ಮ ನಂತರ ಲಕ್ಷ ತಂದುಕೊಡುವ ಇನ್ನೊಬ್ಬನ ಜೇಬಿನಿಂದ.

ಇದು ಬರಿಯ ಶಂಕೆಯಲ್ಲ. 2013ರಲ್ಲಿ ನೆರೆಯ ಕೇರಳದ ರಾಜಕೀಯವನ್ನೇ ಅಲುಗಾಡಿಸಿದ ಸೋಲಾರ್ ಹಗರಣದಲ್ಲಿ, ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ಯೋಜನೆಗಳಲ್ಲಿ ಪಾಲು ಕೊಡುತ್ತೇವೆಂದು ಜನರಿಂದ ಲಕ್ಷಗಟ್ಟಲೆ ಮುಂಗಡ ಪಡೆದು ವಂಚಿಸಲಾಯಿತು. ಮುಂದೆ ನ್ಯಾಯಾಲಯದಲ್ಲಿ ಶಿಕ್ಷೆಗಳೂ ಆದವು, ಹಣ ಹೋದವರ ಹಣ ಹೋಯಿತು. ಹಲಾಲ್ ಲಾಭ ಎಂಬ ಮಾತನ್ನು ನಂಬಿ 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎಯಲ್ಲಿ ಉಳಿತಾಯ ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ನಾವು ಮರೆತಿಲ್ಲ. ಅಲ್ಲಿ ಚಿನ್ನದ ಹೆಸರಿತ್ತು, ಇಲ್ಲಿ ಸೂರ್ಯನ ಹೆಸರು. ಬಡ್ಡಿ ಇಲ್ಲ ಎಂದ ಮಾತ್ರಕ್ಕೆ ವ್ಯಾಪಾರ ಶುದ್ಧವಾಗುವುದಿಲ್ಲ. ನಷ್ಟದಲ್ಲಿ ಪಾಲಿಲ್ಲದೆ ತಿಂಗಳಿಗೆ ಇಷ್ಟೇ ಎಂದು ನಿಗದಿಯಾದ ಲಾಭಕ್ಕೆ ಯಾವ ಹೆಸರಿಟ್ಟರೂ ಅದು ಪಾಲುದಾರಿಕೆಯಲ್ಲ.

ಶೇರು ಕೊಳ್ಳಬಹುದಲ್ಲ ಎನ್ನುವ ಯುವಕರೂ ಇದ್ದಾರೆ. ಕೊಳ್ಳಬಹುದು. ಆದರೆ ವಿದ್ಯೆ ಬೆಳೆದರೆ ಹೂಡಿದವನೂ ಬೆಳೆಯುತ್ತಾನೆಂಬ ಖಾತ್ರಿಯಿಲ್ಲ. ಉಡುಪಿ ಜಿಲ್ಲೆಯ ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಘಟಕ ತೆರೆದಿದ್ದ ಸುಜ್ಲಾನ್ ಕಂಪೆನಿಯ ಶೇರು 2008ರ ಆರಂಭದಲ್ಲಿ ನಾನ್ನೂರು ರೂಪಾಯಿ ದಾಟಿತ್ತು. 2020ರಲ್ಲಿ ಅದು ಎರಡು ರೂಪಾಯಿಯ ಆಸುಪಾಸಿಗೆ ಇಳಿಯಿತು. ಆ ಹನ್ನೆರಡು ವರ್ಷಗಳಲ್ಲಿ ದೇಶದಲ್ಲಿ ಗಾಳಿ ವಿದ್ಯುತ್ ಕಡಿಮೆಯಾಯಿತೇ? ಇಲ್ಲ, ಹಲವು ಪಟ್ಟು ಹೆಚ್ಚಾಯಿತು. ಮುಂದೆ ಆ ಶೇರು ಚೇತರಿಸಿಕೊಂಡಿತು, ಆದರೆ ಮಗಳ ಮದುವೆ ಅಲ್ಲಿಯವರೆಗೆ ಕಾಯುವುದಿಲ್ಲ. ತುಮಕೂರು ಜಿಲ್ಲೆಯ ಪಾವಗಡದ ರೈತರು ಬೇರೊಂದು ದಾರಿ ಹಿಡಿದರು. ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಬಂದಾಗ ಅವರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆಯೊಂದಿಗೆ ಗುತ್ತಿಗೆಗೆ ಕೊಟ್ಟರು. ಭೂಮಿ ಇದ್ದವನಿಗೆ ಅದು ಸರಿಹೋಯಿತು. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನಿಗೆ ಏನು ಸಿಕ್ಕಿತು ಎಂದು ಕೇಳುವವರು ಕಡಿಮೆ. ಮರಗಳ ನೆರಳಿನಲ್ಲಿ ಕಾಫಿ ಬೆಳೆಯುವ ಕೊಡಗಿಗೆ ಆ ದಾರಿ ಹೇಗೂ ಒಗ್ಗುವುದಿಲ್ಲ.

ಇಲ್ಲಿಗೆ ಒಗ್ಗುವುದು ನಾಲ್ಕೈದು ಮನೆಗಳು ಸೇರಿ ಒಂದು ತೋಡಿಗೆ ಒಂದು ಟರ್ಬೈನ್ ಇಡುವ ಪಾಲುದಾರಿಕೆ. ಖರ್ಚಿನಲ್ಲಿ ಪಾಲು, ವಿದ್ಯುತ್ತಿನಲ್ಲಿ ಪಾಲು, ಜರಡಿ ತೊಳೆಯುವ ಸರದಿಯಲ್ಲೂ ಪಾಲು, ಕೆಟ್ಟರೆ ನಷ್ಟದಲ್ಲೂ ಪಾಲು. ಅಣ್ಣತಮ್ಮಂದಿರೇ ಆಗಿದ್ದರೂ ಇದನ್ನು ಕಾಗದದಲ್ಲಿ ಬರೆದಿಡಿ. ಮದ್ರಸದಲ್ಲಿ ಫಿಕ್ಹ್ ಕಲಿತವರಿಗೆ ನೀರಿನ ಹಕ್ಕಿನ ಪಾಠ ಗೊತ್ತಿರುತ್ತದೆ. ಮೇಲಿನವನು ಮೊದಲು ಬಳಸಬಹುದು, ಆದರೆ ಕೆಳಗಿನವನಿಗೆ ಹೋಗದಂತೆ ತಡೆಯುವಂತಿಲ್ಲ. ಈ ವಿಷಯದಲ್ಲಿ ಟರ್ಬೈನ್ ಒಳ್ಳೆಯ ನೆರೆಯವನು. ಅದು ನೀರನ್ನು ಕುಡಿಯುವುದಿಲ್ಲ, ತಿರುಗಿಸಿ ಹಾಗೆಯೇ ಬಿಡುತ್ತದೆ.

ನಿಮ್ಮ ತೋಟದಲ್ಲಿ ಇದು ಸಾಧ್ಯವೇ ಎಂದು ತಿಳಿಯಲು ಯಾರಿಗೂ ಮುಂಗಡ ಕೊಡಬೇಕಾಗಿಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್, ಒಂದು ಗಡಿಯಾರ ಸಾಕು. ತೋಡಿಗೆ ಅಡ್ಡ ಮಣ್ಣಿನ ಸಣ್ಣ ಕಟ್ಟ ಹಾಕಿ, ನೀರೆಲ್ಲ ಒಂದು ಪೈಪಿನಲ್ಲಿ ಬೀಳುವಂತೆ ಮಾಡಿ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ ಐದು ಲೀಟರ್. ಮಳೆ ಶುರುವಾದ ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನೀರು ಎಷ್ಟು ಮೀಟರ್ ಇಳಿಯುತ್ತದೆಂದು ನೋಡಲು ಗಾರೆ ಕೆಲಸದವರ ಮಟ್ಟದ ಟ್ಯೂಬ್ ಕೇಳಿ ತನ್ನಿ. ಕೆಳಗಿನ ಮನೆಯವರು ಅದೇ ತೋಡಿನಿಂದ ಕುಡಿಯುವ ನೀರಿಗೆ ಪೈಪ್ ಇಟ್ಟಿದ್ದರೆ, ಅವರ ಪೈಪಿನ ಬಾಯಿಗಿಂತ ಮೇಲೆಯೇ ಟರ್ಬೈನಿನ ನೀರು ತೋಡಿಗೆ ಮರಳುವಂತೆ ಜಾಗ ಆರಿಸಿಕೊಳ್ಳಿ.